ನೇರಳೆ ಬಿಯರಿನ ಇಲಿ

ಬಿಯರ್ ನುಂಗಿದ ಮೇಲೆ ಹದಿನೇಳರ ಮಗ್ಗಿ ಮುಗಿಯುವವರೆಗೆ ಬಾಯಿ ಬಿಡಕೂಡದು ಎಂಬುದು ನನ್ನ ಟೇಬಲ್ಲಿನ ಕಟ್ಟುನಿಟ್ಟು. ಮಗ್ಗಿಯನ್ನು ಮನಸ್ಸಿನಲ್ಲೇ ನಿಧಾನವಾಗಿ ಹೇಳಿಕೊಳ್ಳಬೇಕು. ಹದಿನೇಳರದ್ದೇ ಯಾಕೆಂದರೆ ಅದು ಯಾರಿಗೂ ಸಲೀಸಾಗಿ ಬರುವುದಿಲ್ಲ. ಮಧ್ಯೆ ಎಲ್ಲೋ ತಡವರಿಸುತ್ತಾರೆ, ಆ ತಡವರಿಸುವ ಹೊತ್ತು ನನಗೆ ಬೇಕು. ನುಂಗಿದ ಕೂಡಲೇ ಸೂಪರ್ ಅನ್ನುವವರನ್ನು ನಾನು ರುಚಿ ನೋಡುವವರ ಲೆಕ್ಕಕ್ಕೇ ಸೇರಿಸುವುದಿಲ್ಲ. ಅವರಿಗೆ ಬಾಯಾರಿಕೆಯಾಗಿರುತ್ತದೆ, ಅಷ್ಟೆ.

ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಎದುರಿಗಿದ್ದ ಬಿಯರ್ ಪಬ್ಬಿನಲ್ಲಿ ಆಗ ನನ್ನ ಕೆಲಸ ಇದೇ ಆಗಿತ್ತು. ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಮಾರುವ ಪಬ್ಬುಗಳು ಬೆಂಗಳೂರಿನಲ್ಲಿ ಒಂದರ ಹಿಂದೊಂದು ತಲೆಯೆತ್ತುತ್ತಿದ್ದ ಕಾಲ. ಬಿಯರ್ ಮಾಡುತ್ತಿದ್ದವನು ಬ್ರೂವರ್. ಅದು ಗಿರಾಕಿಯ ಗ್ಲಾಸಿಗೆ ಹೋಗಬಹುದೇ ಬೇಡವೇ ಎಂದು ಹೇಳುತ್ತಿದ್ದವಳು ನಾನು. ಪರೀಕ್ಷೆ ಬರೆಯುವವನೂ ಪೇಪರ್ ತಿದ್ದುವವಳೂ ದಿನವೂ ಒಂದೇ ಲಿಫ್ಟಿನಲ್ಲಿ ಓಡಾಡಿದರೆ ಎಷ್ಟು ಸ್ನೇಹ ಇರಬಹುದೋ ಅಷ್ಟೇ ಸ್ನೇಹ ನಮ್ಮಿಬ್ಬರಲ್ಲಿ ಇತ್ತು.

ಬ್ರೂವರ್ ಆನೇಕಲ್ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಮೆದು, ಬಿಯರಿನ ವಿಷಯಕ್ಕೆ ಬಂದರೆ ಮಾತ್ರ ಮೂಗಿನ ಮೇಲೆ ಸಿಟ್ಟು. ಅವನಿಗೆ ಒಂದು ಹುಚ್ಚು ಹಿಡಿದಿತ್ತು. ಬೆಲ್ಜಿಯಂ ಶೈಲಿಯ ಏಲ್ ಮಾಡಿ, ಅದನ್ನು ಕೆಂಪು ವೈನ್ ಇಟ್ಟಿದ್ದ ಮರದ ಬ್ಯಾರೆಲ್‌ಗಳಲ್ಲಿ ಸುರಿದು, ನೇರಳೆ ಹಣ್ಣು ಹಾಕಿ, ವರ್ಷಗಟ್ಟಲೆ ಮಾಗಿಸಬೇಕು. ಬೆಲ್ಜಿಯಂ ಏಲ್ ಎಂದರೆ, ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಡುಗೆಯನ್ನು ಪೂರ್ತಿ ಯೀಸ್ಟಿನ ಕೈಗೆ ಬಿಟ್ಟುಕೊಟ್ಟ ಬಿಯರ್. ಲವಂಗ ಹಾಕದೆಯೇ ಲವಂಗದ ವಾಸನೆ, ಬಾಳೆಹಣ್ಣು ಹಾಕದೆಯೇ ಬಾಳೆಹಣ್ಣಿನ ವಾಸನೆ ಅದರಲ್ಲಿ ಬರುತ್ತದೆ. ಅದರ ಜೊತೆಗೆ ವೈನಿನ ಒಗರು, ಮರದ ಒಗರು, ನೇರಳೆಯ ಒಗರು. ಮೂರು ಒಗರು ಸೇರಿ ನಾಲಿಗೆಯನ್ನು ಹೊಲಿದುಬಿಡುತ್ತವೆ ಎಂದು ನಾನು ಹೇಳಿದ್ದೆ. ಮಾಗಿದರೆ ಮೂರೂ ಮೆತ್ತಗಾಗುತ್ತವೆ ಎಂದು ಅವನು ಹೇಳಿದ. ಆ ಮಾತು ಸರಿಯಾಗಿತ್ತು ಎಂದು ಈಗಲೇ ಹೇಳಿಬಿಡುತ್ತೇನೆ.

ಮಾಲೀಕರು ಒಪ್ಪಿದರು. ಅವರಿಗೆ ಬಿಯರಿಗಿಂತ ಬ್ಯಾರೆಲ್ ಇಷ್ಟವಾಗಿತ್ತು, ಫೋಟೋಕ್ಕೆ ಚೆನ್ನಾಗಿರುತ್ತದೆಂದು. ನಂದಿಬೆಟ್ಟದ ಕಡೆಯ ಒಂದು ವೈನರಿಯಿಂದ ಆರು ಹಳೆಯ ಬ್ಯಾರೆಲ್ ಬಂದವು. ಕಟ್ಟಡದ ಬೇಸ್‌ಮೆಂಟಿನಲ್ಲಿ, ಜನರೇಟರ್ ಕೋಣೆಯ ಪಕ್ಕ ಒಂದು ಖಾಲಿ ಜಾಗವಿತ್ತು. ಅದಕ್ಕೆ ಗೋಡೆ ಎಬ್ಬಿಸಿ ಎಸಿ ಹಾಕಿಸಿ ಅಲ್ಲಿ ಮಲಗಿಸಿದರು. ಒಣಗಿದ ಹಲಗೆಗಳು ಉಬ್ಬಿಕೊಳ್ಳಲೆಂದು ಬ್ರೂವರ್ ರಾತ್ರಿಯಿಡೀ ಬಿಸಿನೀರು ತುಂಬಿಸಿಟ್ಟ. ಸೋರಿದ ಕಡೆ ಮೇಣ ಮೆತ್ತಿದ. ಆಮೇಲೆ ಏಲ್ ಸುರಿದು, ಕಾಡು ಯೀಸ್ಟನ್ನೂ ಹುಳಿ ಬರಿಸುವ ಬ್ಯಾಕ್ಟೀರಿಯಾವನ್ನೂ ಬಿಟ್ಟ. ನೇರಳೆ ಕಾಲ ಬಂದಾಗ ಬೆಳಗಿನ ಜಾವಕ್ಕೇ ಆನೇಕಲ್ ಮಾರ್ಕೆಟ್ಟಿಗೆ ಹೋಗಿ ಹಣ್ಣನ್ನು ಟೆಂಪೋದಲ್ಲಿ ತಂದ. ಬೀಜ ಬಿಡಿಸುವ ಕೆಲಸಕ್ಕೆ ಅಡುಗೆಮನೆಯವರನ್ನೆಲ್ಲ ಕೂರಿಸಿದ. ಆ ವಾರ ಪಬ್ಬಿನಲ್ಲಿ ನೀಲಿ ಬೆರಳಿಲ್ಲದವರು ಮಾಲೀಕರೊಬ್ಬರೇ.

ಹಣ್ಣು ಬಿದ್ದ ಮೇಲೆ ಅವನು ನನ್ನನ್ನು ಬೇಸ್‌ಮೆಂಟಿಗೆ ಬಿಡಲಿಲ್ಲ. "ರೆಡಿ ಆಗೋವರೆಗೂ ಬೇಡ ಮೇಡಂ, ಒಂದೇ ಸಲ ಕುಡೀರಿ" ಎಂದ. ನನಗೂ ಬೇರೆ ಟ್ಯಾಂಕುಗಳ ಕೆಲಸ ಸಾಕಷ್ಟಿತ್ತು, ಬಿಟ್ಟುಬಿಟ್ಟೆ. ವಾರಕ್ಕೊಮ್ಮೆ ಅವನು ಒಂದು ಉದ್ದ ಸ್ಟೀಲ್ ಸರಳು ಹಿಡಿದು ಕೆಳಗೆ ಇಳಿಯುತ್ತಿದ್ದುದು ಮಾತ್ರ ಕಾಣುತ್ತಿತ್ತು. ಬ್ಯಾರೆಲ್ ಕೊಟ್ಟ ವೈನರಿಯವರು ಅವನಿಗೆ ಒಂದು ಪಾಠ ಹೇಳಿಕೊಟ್ಟಿದ್ದರು: ಹಣ್ಣಿನ ಸಿಪ್ಪೆ ಮೇಲೆ ತೇಲಿ ಒಣಗುತ್ತದೆ, ಒಣಗಿದರೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಅದನ್ನು ಆಗಾಗ ಒಳಕ್ಕೆ ಒತ್ತುತ್ತಿರಬೇಕು. ಅವನು ತಪ್ಪದೆ ಒಂದೊಂದೇ ಬ್ಯಾರೆಲ್ಲಿನ ಬಿರಡೆ ಬಿಚ್ಚಿ, ಸರಳು ಇಳಿಸಿ, ಸಿಪ್ಪೆಯನ್ನು ಮುಳುಗಿಸಿ, ಮತ್ತೆ ಬಿರಡೆ ಜಡಿಯುತ್ತಿದ್ದ. ಹಬ್ಬದ ದಿನವೂ ಬಂದು ಮಾಡಿದ. ಜ್ವರ ಬಂದಾಗ ಮಾಸ್ಕ್ ಕಟ್ಟಿಕೊಂಡು ಬಂದು ಮಾಡಿದ.

ಕೊನೆಗೂ ರುಚಿ ನೋಡುವ ದಿನ ಬಂತು. ಪಬ್ಬಿನ ವಾರ್ಷಿಕೋತ್ಸವಕ್ಕೆ ಅದನ್ನು ಬಿಡುಗಡೆ ಮಾಡುವುದೆಂದು ಮಾಲೀಕರು ಆಗಲೇ ಜನರನ್ನು ಕರೆದಾಗಿತ್ತು, ಬ್ಯಾನರ್ ಕೂಡ ಅಚ್ಚಾಗಿತ್ತು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನಾಲ್ವರು ಕೆಳಗೆ ಇಳಿದೆವು: ಮಾಲೀಕರು, ಬ್ರೂವರ್, ಅಡುಗೆಮನೆಯ ಚೆಫ್ ಮತ್ತು ನಾನು. ಬ್ಯಾರೆಲ್ಲಿನ ಮುಖಕ್ಕೆ ಒಂದು ಸ್ಟೀಲ್ ಮೊಳೆ ಹೊಡೆದಿರುತ್ತಾರೆ. ಇಕ್ಕಳದಲ್ಲಿ ಅದನ್ನು ಎಳೆದರೆ ಸಣ್ಣ ಧಾರೆ ಚಿಮ್ಮುತ್ತದೆ, ಗ್ಲಾಸಿಗೆ ಹಿಡಿದು ಮೊಳೆ ವಾಪಸ್ ತುರುಕಬೇಕು. ಬ್ರೂವರ್ ಮೊಳೆ ಎಳೆದ ರಭಸಕ್ಕೆ ಮೊದಲ ಧಾರೆ ಮಾಲೀಕರ ಬಿಳಿ ಶರ್ಟಿನ ಮೇಲೆ ಬಿತ್ತು. ಅವರು ಅಂದು ಬಹಳ ಖುಷಿಯಲ್ಲಿದ್ದರು, ಬೈಯಲಿಲ್ಲ.

ಬಣ್ಣ ಗಾಢ ಕೆಂಪು, ಅಂಚಿನಲ್ಲಿ ನೇರಳೆ. ಮೂಗಿಗೆ ಮೊದಲು ಹಣ್ಣು, ಆಮೇಲೆ ಲವಂಗ, ಆಮೇಲೆ ವೈನ್ ಇಟ್ಟಿದ್ದ ಮರ. ಬಾಯಿಗೆ ಹಾಕಿದೆ. ಹುಳಿ ಹದವಾಗಿತ್ತು, ಒಗರು ಮೆತ್ತಗಾಗಿತ್ತು, ಅವನು ಹೇಳಿದಂತೆಯೇ. ನನಗೆ ನಿಜವಾಗಿ ಸಂತೋಷವಾಯಿತು. ನುಂಗಿದೆ. ಮಾಲೀಕರು ಮಗ್ಗಿಗಿಗ್ಗಿ ಗೊಡವೆಯಿಲ್ಲದೆ ಬ್ರೂವರನ ಬೆನ್ನು ತಟ್ಟಿ ಸಕ್ಕತ್ ಅಂದರು. ನಾನು ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದೆ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ತನಾಲ್ಕು. ನೂರ ಎರಡಕ್ಕೆ ಬರುವಷ್ಟರಲ್ಲಿ ನಾಲಿಗೆಯ ಹಿಂಭಾಗದಿಂದ ಅದು ಬಂತು.

ಅಟ್ಟದ ಮೇಲೆ ಮರೆತ ಅಕ್ಕಿ ಡಬ್ಬದಲ್ಲಿ ಇಲಿ ಉಚ್ಚೆ ಹೊಯ್ದು ಒಣಗಿದರೆ ಬರುವ ವಾಸನೆ. ನಮ್ಮ ಕಸುಬಿನಲ್ಲೂ ಅದಕ್ಕೆ ಇಲಿಯದೇ ಹೆಸರು. ಇದರ ಚೇಷ್ಟೆ ಏನೆಂದರೆ, ಗ್ಲಾಸಿಗೆ ಮೂಗಿಟ್ಟರೆ ಸಿಕ್ಕುವುದಿಲ್ಲ. ಬಿಯರಿನ ಹುಳಿ ಅದನ್ನು ಅದುಮಿಟ್ಟಿರುತ್ತದೆ. ನುಂಗಿದ ಮೇಲೆ ಎಂಜಲು ಹುಳಿಯನ್ನು ತೊಳೆದ ನಂತರ ಮೆಲ್ಲಗೆ ತಲೆ ಹಾಕುತ್ತದೆ. ಒಮ್ಮೆ ಬಂದರೆ ಊಟ ಮಾಡಿದರೂ ಹೋಗುವುದಿಲ್ಲ. ಮಗ್ಗಿಯ ನಿಯಮ ಮಾಡಿದ್ದೇ ಇದನ್ನು ಹಿಡಿಯಲಿಕ್ಕೆ. ಹುಳಿ ಬಿಯರಿನೊಳಗೆ ಗಾಳಿ ಹೋದರೆ ಆ ಬ್ಯಾಕ್ಟೀರಿಯಾ, ಕಾಡು ಯೀಸ್ಟುಗಳು ಇದನ್ನು ಹುಟ್ಟಿಸುತ್ತವೆ. ಸರಳಿನ ನೆನಪು ನನಗೆ ಆಗಲೇ ಬಂತು. ದ್ರಾಕ್ಷಿ ಹುದುಗುವಾಗ ಸರಿಯಾದ ಪದ್ಧತಿ ಇಲ್ಲಿ ವಿಷವಾಗಿತ್ತು. ಬೂಷ್ಟು ಹಿಡಿಯದಿರಲೆಂದು ಅವನು ವಾರವಾರ ಬಿರಡೆ ಬಿಚ್ಚಿ ಉಣಿಸಿದ್ದು ಗಾಳಿಯನ್ನು.

ಚೆಫ್ ಮುಖ ಕಿವಿಚಿ ನೀರು ಕೇಳಿದರು. ಮಾಲೀಕರ ನಗುವೂ ನಿಧಾನಕ್ಕೆ ಇಳಿಯಿತು, ಏನೋ ಒಂಥರಾ ಇದೆ ಅಂದರು. ಬ್ರೂವರ್ ಮಾತ್ರ ನಗುಮುಖದಲ್ಲೇ ನನ್ನನ್ನು ನೋಡುತ್ತಿದ್ದ. ಆರೂ ಬ್ಯಾರೆಲ್ಲಿನ ಮೊಳೆ ಎಳೆಸಿದೆ. ಆರರಲ್ಲೂ ಇಲಿ ಇತ್ತು, ಕೆಲವುಗಳಲ್ಲಿ ಮರಿ, ಕೆಲವುಗಳಲ್ಲಿ ಹೆಗ್ಗಣ. ಹಾಗೆಂದೇ ಹೇಳಿದೆ. ಕೆಟ್ಟದ್ದನ್ನು ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ.

ಅವನು ಮತ್ತೊಂದು ಗುಟುಕು ಕುಡಿದ. ಕಾದ. ಮತ್ತೊಂದು ಕುಡಿದ. "ಎಲ್ಲಿ ಮೇಡಂ? ನಂಗ್ಯಾಕೆ ಬರ್ತಿಲ್ಲ?" ಎಂದು ಕೇಳಿದ.

ನನಗೆ ಆಗ ಅರ್ಥವಾಯಿತು. ಕೆಲವರ ಬಾಯಿಗೆ ಈ ವಾಸನೆ ಸಿಗುವುದೇ ಇಲ್ಲ. ಅದು ಹುಟ್ಟಿನಿಂದ ಬಂದದ್ದು, ಕಲಿತರೆ ಹೋಗುವಂಥದ್ದಲ್ಲ. ಕೆಲವರಿಗೆ ಕೆಂಪು ಹಸಿರು ಒಂದೇ ಕಾಣುವ ಹಾಗೆ. ಮಾಮೂಲಿ ಬಿಯರ್ ಮಾಡುವವನಿಗೆ ಜೀವಮಾನದಲ್ಲಿ ಇದು ಗೊತ್ತಾಗುವ ಪ್ರಸಂಗವೇ ಬರುವುದಿಲ್ಲ. ಗೊತ್ತಾಗಬಹುದಾದ ಒಂದೇ ಜಾತಿಯ ಬಿಯರನ್ನು ಹುಡುಕಿಕೊಂಡು ಹೋಗಿ ಅವನು ಮಾಡಿದ್ದ. ಇದನ್ನು ಅವನಿಗೆ ವಿವರಿಸಿದೆ. ಅವನು ನಂಬಲಿಲ್ಲ. ಮೊದಲ ದಿನದಿಂದಲೂ ನನಗೆ ಈ ಬ್ಯಾರೆಲ್‌ಗಳನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಮಾಲೀಕರ ಮುಂದೆಯೇ ಅಂದ.

ಆಗ ನಾನು ಚೆಫ್ ಕೈಯಲ್ಲಿ ಅಡುಗೆ ಸೋಡಾ ತರಿಸಿದೆ. ಗ್ಲಾಸಿನ ಬಿಯರಿಗೆ ಒಂದು ಚಮಚ ಹಾಕಿದರೆ ಹುಳಿ ಸಾಯುತ್ತದೆ, ಅಡಗಿ ಕೂತದ್ದು ನುಂಗುವ ಮೊದಲೇ ಮೇಲೆದ್ದು ಮೂಗಿಗೆ ಬರುತ್ತದೆ. ಬುಸುಬುಸು ನೊರೆ ಎದ್ದಿತು. ನೇರಳೆಯ ಕೆಂಪು ಕಣ್ಣೆದುರೇ ಕಪ್ಪುನೀಲಿಗೆ ತಿರುಗಿ, ಇಂಕ್ ಪೆನ್ನು ತೊಳೆದ ನೀರಿನಂತಾಯಿತು. ಮಾಲೀಕರು ಕರವಸ್ತ್ರ ಮೂಗಿಗೆ ಹಿಡಿದು ಹಿಂದೆ ಸರಿದರು. ಬ್ರೂವರ್ ಆ ಗ್ಲಾಸಿನೊಳಗೆ ಮೂಗು ಇಳಿಸಿ, ಕಣ್ಣು ಮುಚ್ಚಿ, ಎಳೆದೆಳೆದು ಮೂಸಿದ. ತುದಿಮೂಗಿಗೆ ನೊರೆ ಅಂಟಿಕೊಂಡಿತ್ತು. ಸೋಡಾ ವಾಸನೆ ಮಾತ್ರ ಬರುತ್ತಿದೆ ಅಂದ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಬಿಡಲಿಲ್ಲ. ನಾವು ಮೂವರೂ ಸೇರಿ ಸುಳ್ಳು ಹೇಳುತ್ತಿದ್ದೇವೆಂದು ಅವನಿಗೆ ಅನ್ನಿಸಿರಬೇಕು. ಗ್ಲಾಸ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಪಬ್ಬಿಗೆ ಹೋದ, ನಾವೂ ಹಿಂದೆ ಹೋದೆವು. ಏನೂ ಹೇಳದೆ ಸಿಕ್ಕಸಿಕ್ಕವರ ಮೂಗಿಗೆ ಅದನ್ನು ಹಿಡಿದ. ಒಬ್ಬ ವೇಟರ್ ಥೂ ಎಂದು ಮುಖ ತಿರುಗಿಸಿದ. ನೆಲ ಒರೆಸುತ್ತಿದ್ದ ರಾಯಚೂರಿನ ಹೆಂಗಸು, ಇದನ್ನು ಯಾವ ಮೂಲೆಯಿಂದ ಬಳಿದು ತಂದಿರಿ ಎಂದು ಗಾಬರಿಯಿಂದ ಕೇಳಿದಳು. ಎಲ್ಲೋ ಸ್ವಚ್ಛ ಮಾಡುವುದು ತಪ್ಪಿಹೋಗಿದೆ ಎಂದು ಅವಳ ಭಯ. ಕೊನೆಗೆ ಬಿಲ್ಲಿಂಗ್ ಕೌಂಟರಿನ ಹುಡುಗಿ. ಅವಳಿಗೆ ಬ್ರೂವರ್ ಎಂದರೆ ಅಕ್ಕರೆ, ಅದು ಇಡೀ ಪಬ್ಬಿಗೆ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಅವಳು ಎಲ್ಲರ ಮುಖಗಳನ್ನು ನೋಡಿ, ಉಸಿರು ಬಿಗಿಹಿಡಿದು, ಗ್ಲಾಸಿನ ಮೇಲೆ ಬಗ್ಗಿ ಚೆನ್ನಾಗಿದೆ ಸಾರ್ ಅಂದಳು. ಅಷ್ಟು ಹೇಳಿ ತುಟಿ ಬಿಗಿದುಕೊಂಡು ನಿಂತಳು, ಮುಖ ಕೆಂಪೇರತೊಡಗಿತು.

ಅವನು ಅವಳನ್ನೇ ನೋಡುತ್ತ ನಿಂತಿದ್ದ.

"ಉಸ್ರು ಬಿಡಮ್ಮ" ಅಂದ.

ಅವಳು ಉಸಿರು ಬಿಟ್ಟಳು, ಮತ್ತೆ ಎಳೆದುಕೊಂಡಾಗ ಕೆಮ್ಮಿದಳು. ಅವನು ನಂಬಿದ್ದು ಆಗಲೇ. ನಾನು, ಮಾಲೀಕರು, ಚೆಫ್ ಯಾರ ಮಾತಿಗೂ ಬಗ್ಗದವನು ಆ ಹುಡುಗಿಯ ಕರುಣೆಯಿಂದ ನೆಲಕ್ಕೆ ಬಿದ್ದ. ಗ್ಲಾಸನ್ನು ಕೌಂಟರಿನ ಮೇಲಿಟ್ಟು ಕೈ ತೊಳೆದುಕೊಳ್ಳಲು ಹೋದ.

ಮುಂದಿನ ಕೆಲವು ದಿನ ಪಬ್ಬಿನಲ್ಲಿ ಹಬ್ಬ. ಅವನು ಹಾದುಹೋದರೆ ಯಾರೋ ಕೀಚ್ ಕೀಚ್ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಅವನ ಮೇಜಿನ ಮೇಲೆ ಇಲಿಬೋನು ಇತ್ತು, ಒಳಗೆ ತೆಂಗಿನಚೂರಿನ ಬದಲು ಒಂದು ಉಪ್ಪು ಹಾಕಿದ ನೇರಳೆ ಹಣ್ಣು. ಇಟ್ಟವನು ಬೀಜ ಬಿಡಿಸಿ ಇಟ್ಟಿದ್ದ, ಅಷ್ಟರಮಟ್ಟಿಗೆ ಕಲಾವಿದ. ಬ್ರೂವರ್ ಅದನ್ನು ಪಕ್ಕಕ್ಕೆ ಸರಿಸಿ, ಕಂಪ್ಯೂಟರ್ ಆನ್ ಮಾಡಿ ಕೂತ. ಜನ ಇಷ್ಟು ಬೇಗ ಇಷ್ಟು ಹೊಲಸಾಗಬಲ್ಲರು ಎಂದು ಮೂಗಿಗೆ ಗೊತ್ತಾಗಬೇಕಿಲ್ಲ, ಕಿವಿಯೇ ಸಾಕು.

ನಾನು ಮಾಲೀಕರಿಗೆ ಹೇಳಿದ್ದು ಒಂದೇ: ಕಾಯೋಣ. ಈ ಇಲಿ ಕೆಲವು ಸಲ ತಾನಾಗಿಯೇ ಹೋಗುತ್ತದೆ. ಬಿರಡೆ ಮುಟ್ಟದೆ, ಗಾಳಿ ಸೋಕಿಸದೆ, ಮೊಳೆಯನ್ನೂ ಎಳೆಯದೆ ಬಿಟ್ಟರೆ ತಿಂಗಳುಗಟ್ಟಲೆಯ ನಂತರ ಬಿಯರ್ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಗ್ಯಾರಂಟಿ ಕೊಡುತ್ತೀರಾ ಎಂದು ಅವರು ಕೇಳಿದರು. ಕೊಡುವುದಿಲ್ಲ ಅಂದೆ, ಯಾಕೆಂದರೆ ಕೆಲವು ಎಂದಿಗೂ ಸರಿಹೋಗುವುದಿಲ್ಲ. ವಾರ್ಷಿಕೋತ್ಸವದ ಬ್ಯಾನರ್ ಅವರ ಹಿಂದೆ ಸುರುಳಿ ಸುತ್ತಿಕೊಂಡು ಗೋಡೆಗೆ ಒರಗಿತ್ತು. ಅವರು ನನ್ನನ್ನು ಬಿಟ್ಟು ಬ್ರೂವರನ ಕಡೆ ತಿರುಗಿದರು. ದನಿಯೇನೂ ಏರಿಸಲಿಲ್ಲ.

"ಸರಿ, ಕಾಯೋಣ. ವಾಸಿ ಆಯ್ತು ಅಂತ ನಿಮಗೆ ಹೆಂಗ್ರೀ ಗೊತ್ತಾಗತ್ತೆ?"

"ಮೇಡಂ ಇದಾರಲ್ಲ ಸಾರ್."

"ಹಂಗಾದ್ರೆ ನೀವ್ಯಾಕೆ?"

ನಾನು ಏನೋ ಹೇಳಲು ಹೋದೆ. ಹುಳಿ, ಸಕ್ಕರೆ ಅಳೆಯುವ ಮೀಟರ್‌ಗಳು ಅವನ ಕೈಗೇ ಒಪ್ಪುತ್ತವೆ, ಉಳಿದ ಬಿಯರ್‌ಗಳಲ್ಲಿ ಅವನಿಗೆ ಸಮನಾದವರಿಲ್ಲ, ಇಲ್ಲಿ ಸೋತಿರುವುದು ಒಂದೇ ಒಂದು ವಾಸನೆ, ಇವೆಲ್ಲ ಹೇಳಿದೆ ಕೂಡ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಬ್ರೂವರ್ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ, ಗೊತ್ತಾಗಲ್ಲ ಸಾರ್, ಸುರಿದುಬಿಡ್ತೀನಿ ಅಂದ. ಮಾಲೀಕರು ಅಷ್ಟನ್ನು ಕೇಳಿರಲಿಲ್ಲ, ಅವರಿಗೂ ಒಂದು ಕ್ಷಣ ದಿಗಿಲಾಯಿತು. ಆದರೆ ಬೇಡ ಅನ್ನಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಕೆಳಗೆ ಹೋಗುವಷ್ಟರಲ್ಲಿ ಮೂರು ಬ್ಯಾರೆಲ್ ಖಾಲಿಯಾಗಿದ್ದವು. ಬಿರಡೆ ಬಿಚ್ಚಿ ಬ್ಯಾರೆಲ್ಲನ್ನು ಪಕ್ಕಕ್ಕೆ ಉರುಳಿಸುತ್ತಿದ್ದ, ಬಿಯರ್ ಗಳಗಳ ನೆಲಕ್ಕೆ ಬಿದ್ದು ಚರಂಡಿಯ ಜಾಲರಿಗೆ ಹರಿಯುತ್ತಿತ್ತು. ಸಿಪ್ಪೆ ಜಾಲರಿಯಲ್ಲಿ ಕಟ್ಟಿಕೊಂಡಾಗಲೆಲ್ಲ ಅದೇ ಸ್ಟೀಲ್ ಸರಳಿನಿಂದ ತಳ್ಳುತ್ತಿದ್ದ. ಒಂದನ್ನಾದರೂ ಉಳಿಸಿ ಎಂದು ಕೇಳಿಕೊಂಡೆ. ನಾನು ಸಾಮಾನ್ಯವಾಗಿ ಯಾರನ್ನೂ ಕೇಳಿಕೊಳ್ಳುವವಳಲ್ಲ.

"ಯಾವ್ದು ಉಳಿಸ್ಬೇಕು ಅಂತ ನಂಗೊತ್ತಾಗಲ್ವಲ್ಲ ಮೇಡಂ" ಅಂದ. ಮುಂದಿನದಕ್ಕೆ ಕೈ ಹಾಕಿದ.

ಅವನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ನಾಲ್ಕನೆಯದು ಎಂದು ಬೊಟ್ಟು ಮಾಡಿ ತೋರಿಸಿದೆ, ಅದರಲ್ಲಿದ್ದುದು ಮರಿ ಇಲಿ. ಅವನು ಅದನ್ನೂ ಉರುಳಿಸಿದ. ಮಧ್ಯಾಹ್ನ ಕಟ್ಟಡದ ಮೇಂಟೆನೆನ್ಸ್‌ನವರು ಬಂದು, ಕೊಳಚೆ ಶುದ್ಧ ಮಾಡುವ ಟ್ಯಾಂಕೆಲ್ಲ ನೇರಳೆ ಬಣ್ಣವಾಗಿದೆ, ಏನು ಬಿಟ್ಟಿರಿ ಎಂದು ಜಗಳ ತೆಗೆದರು. ಬ್ರೂವರ್ ಕ್ಷಮೆ ಕೇಳಿ ಕಳಿಸಿದ. ಆ ತಿಂಗಳ ಕೊನೆಗೆ ಕೆಲಸ ಬಿಟ್ಟ. ಬ್ಯಾರೆಲ್‌ಗಳನ್ನು ಮಾಲೀಕರು ಮೇಲಕ್ಕೆ ತರಿಸಿ, ಗಾಜು ಕೂರಿಸಿ ಟೇಬಲ್ ಮಾಡಿಸಿದರು. ಅವುಗಳ ಫೋಟೋ ನಿಜಕ್ಕೂ ಚೆನ್ನಾಗಿ ಬರುತ್ತಿತ್ತು.

ಪರೀಕ್ಷೆ ಮಾಡಿದ ಯಾವುದೇ ಬಿಯರಿನ ಒಂದೆರಡು ಬಾಟಲಿಯನ್ನು ತುಂಬಿ, ಮುಚ್ಚಳ ಜಡಿದು ಎತ್ತಿಡುವುದು ನನ್ನ ವಾಡಿಕೆ. ರುಚಿ ನೋಡಿದ ದಿನವೇ ನಾಲ್ಕನೆಯ ಬ್ಯಾರೆಲ್ಲಿನಿಂದ ಹಾಗೆ ತುಂಬಿದ್ದೆ. ಆಮೇಲೆ ಅದನ್ನು ಮರೆತೆ. ಮುಂದಿನ ನೇರಳೆ ಕಾಲ ಬಂದು ಹೋದ ಮೇಲೆ ನಾನೂ ಆ ಕೆಲಸ ಬಿಟ್ಟೆ. ಕಪಾಟು ಖಾಲಿ ಮಾಡುವಾಗ ಎರಡು ಬಾಟಲಿ ಸಿಕ್ಕಿದವು. ಎಸೆಯುವ ಮೊದಲು ನೋಡಿಬಿಡೋಣ ಎಂದು ಒಂದನ್ನು ತೆರೆದು, ಒಂದು ಗುಟುಕು ನುಂಗಿ, ಗೋಡೆ ನೋಡುತ್ತ ನಿಂತೆ. ನೂರ ಎರಡಾಯಿತು. ನೂರ ಹತ್ತೊಂಬತ್ತಾಯಿತು. ನೂರ ಎಪ್ಪತ್ತಕ್ಕೆ ಮುಗಿಸಿ, ಅನುಮಾನ ಬಂದು ಹದಿನೆಂಟರದ್ದನ್ನೂ ಹೇಳಿದೆ. ಇಲಿ ಬರಲಿಲ್ಲ. ಅಡುಗೆಮನೆಗೆ ಹೋಗಿ ಸೋಡಾ ತಂದು ಹಾಕಿದೆ, ಬಣ್ಣ ಕಪ್ಪುನೀಲಿಗೆ ತಿರುಗಿತು, ವಾಸನೆ ಏನೂ ಏಳಲಿಲ್ಲ. ಆ ಮೇಲೆ ಉಳಿದದ್ದನ್ನು ಕೂತು ಕುಡಿದೆ. ಅಷ್ಟು ಒಳ್ಳೆಯ ಬಿಯರನ್ನು ನಾನು ಅದಕ್ಕೆ ಮೊದಲು ಕುಡಿದಿರಲಿಲ್ಲ, ಆಮೇಲೂ ಕುಡಿದಿಲ್ಲ.

ಇನ್ನೊಂದು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಚಿಕ್ಕಬಾಣಾವರಕ್ಕೆ ಒಯ್ದೆ. ಬ್ರೂವರ್ ಅಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಬಾಡಿಗೆಗಿದ್ದ. ಪೀಣ್ಯದ ಒಂದು ಹಣ್ಣಿನ ಪಾನೀಯದ ಕಾರ್ಖಾನೆಯಲ್ಲಿ ಕೆಲಸ. ಸಕ್ಕರೆ ಎಷ್ಟು, ಹುಳಿ ಎಷ್ಟು ಎಂದು ಮೀಟರ್ ನೋಡಿ ಬರೆದರಾಯಿತು, ಬಾಯಿಗೆ ಹಾಕುವ ಅಗತ್ಯವೇ ಇಲ್ಲ ಎಂದು ಅವನೇ ಹೇಳಿದ. ಭಾನುವಾರ, ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತೆವು. ಬಾಟಲಿ ನೋಡಿದ ಕೂಡಲೇ ಅವನಿಗೆ ಯಾವುದೆಂದು ತಿಳಿಯಿತು. ಅವನ ಮುಖದಲ್ಲಿ ಒಂದು ಆಸೆ ಎದ್ದುದನ್ನು ಕಂಡೆ. ನಾನು ಬಂದದ್ದೂ ಅದಕ್ಕೇ, ಅವನು ಗೆದ್ದನೆಂದು ಅವನ ಬಾಯಿಗೇ ತೋರಿಸಲು. ಎಂಥ ಮೂರ್ಖತನ ಅದೆಂದು ಆ ಮೆಟ್ಟಿಲು ಹತ್ತುವವರೆಗೂ ನನಗೆ ಹೊಳೆದಿರಲಿಲ್ಲ.

ಅವನು ಬೀಗದ ಕೈಯಿಂದ ಮುಚ್ಚಳ ಎಬ್ಬಿಸಿ ಎರಡು ಸ್ಟೀಲ್ ಲೋಟಕ್ಕೆ ಬಗ್ಗಿಸಿದ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ತುಟಿಗಳು ಸಣ್ಣಗೆ ಅಲ್ಲಾಡುತ್ತಿದ್ದವು. ಮಗ್ಗಿ ಹೇಳುತ್ತಿದ್ದ. ಎಲ್ಲೋ ಎಂಬತ್ತೈದರ ಹತ್ತಿರ ತಡವರಿಸಿ, ಹಿಂದಕ್ಕೆ ಹೋಗಿ, ಮತ್ತೆ ಹೇಳಿ ಪೂರ್ತಿ ಮುಗಿಸಿದ. ಕೆಳಗೆ ಒಂದು ರೈಲು ಹಾದುಹೋಯಿತು.

"ಇಲಿ ಹೋಯ್ತಾ ಮೇಡಂ?"

"ಹೋಗಿದೆ."

ಅವನು ತಲೆಯಾಡಿಸಿದ. ಲೋಟದೊಳಗೆ ನೋಡಿದ, ಇನ್ನೊಂದು ಗುಟುಕು ಕುಡಿದ, ಮತ್ತೆ ಕಾದ.

"ಅವತ್ತೂ ಹಿಂಗೇ ಇತ್ತು" ಅಂದ.

ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಅವನು ತನ್ನ ಲೋಟದಲ್ಲಿದ್ದದ್ದನ್ನೂ ನನ್ನ ಲೋಟಕ್ಕೆ ಬಗ್ಗಿಸಿ, ಬಾಟಲಿಯನ್ನು ನನ್ನ ಕಡೆ ಸರಿಸಿ, ನೀವೇ ಕುಡೀರಿ ಮೇಡಂ, ನಿಮಗೆ ಗೊತ್ತಾಗುತ್ತೆ ಅಂದ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾನು ಅಷ್ಟನ್ನೂ ಕುಡಿದೆ, ಅವನು ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದ.